ರಾಯರ ವಿಮಾನದ ವೇಗ

ಭಾನುವಾರ ಬೆಳಿಗ್ಗೆ ಪೂಜೆಗೆ ಕುಳಿತ ವೈಜನಾಥನಿಗೆ ಎಡ ಅಂಗೈಯ ಮೇಲಿನ ಇಷ್ಟಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ. ವಿಭೂತಿ ಹಚ್ಚಿಯಾಗಿತ್ತು, ಪತ್ರಿ ಏರಿಸಿಯಾಗಿತ್ತು. ಕಣ್ಣು ಮಾತ್ರ ಅಂಗೈ ಬಿಟ್ಟು ಬಾಗಿಲಾಚೆಯ ಮುಂದಿನ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಹಳೆಯ ಬೆಡ್‌ಶೀಟು ಹೊದ್ದುಕೊಂಡು ಅವನ ಆಟದ ಪೆಟ್ಟಿಗೆ ನಿಂತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದನ್ನು ಆಟೋದಲ್ಲಿ ಹಾಕಿಕೊಂಡು ಕನ್ನಡ ಬಳಗದ ಸಭಾಂಗಣಕ್ಕೆ ಒಯ್ಯಬೇಕು. ಅಲ್ಲಿ ನಾಲ್ಕು ಜನರೆದುರು ಶ್ರೀನಿವಾಸರಾಯರು ವಿಮಾನದ ಆಟ ಆಡುವವರಿದ್ದರು.

"ಏನ್ರಿ, ಲಿಂಗಯ್ಯನ್ನ ಕೈಯಾಗ ಕೂಡಿಸ್ಕೊಂಡು ಪೆಟಗಿ ನೋಡಾಕತ್ತೀರಲ್ಲ, ಅವಾ ಏನ್ ತಿಳ್ಕೋಬೇಕು?" ಎಂದಳು ಹೆಂಡತಿ ಶಿವದೇವಿ, ಅಡುಗೆಮನೆಯಿಂದಲೇ.

ವೈಜನಾಥ ಕಣ್ಣನ್ನು ಅಂಗೈಗೆ ಎಳೆದು ತಂದ. ಆ ಪೆಟ್ಟಿಗೆಯಲ್ಲಿ ಅವನು ಬಚ್ಚಿಟ್ಟಿದ್ದ ಸಂಗತಿ ಕೇಳುವವರಿಗೆ ತೀರಾ ಸಣ್ಣದು. ಒಂದೇ ಒಂದು ಆಟವನ್ನು ಅವನು ನಿಧಾನ ಮಾಡಿದ್ದ. ರಾಯರಿಗಾಗಿ ಮಾಡಿದ್ದ. ರಾಯರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಇವತ್ತು ಗೊತ್ತಾಗಿಬಿಟ್ಟರೆ ಅವರು ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆಂಬುದೇ ಅವನ ಹೆದರಿಕೆ.

ವೈಜನಾಥ ಭಾಲ್ಕಿ ಕಡೆಯವನು. ಮೀಸೆ ಮೂಡುವ ವಯಸ್ಸಿನಲ್ಲಿ ನೆರೆ ರಾಜ್ಯದ ರಾಜಧಾನಿಯಲ್ಲಿ, ಬೇಗಂ ಬಜಾರಿನಲ್ಲಿದ್ದ ಸೋದರಮಾವನ ಪಾತ್ರೆ ಅಂಗಡಿಗೆ ಬಂದು ಸೇರಿದ. ಸ್ಟೀಲಿನ ಡಬ್ಬಿಗಳ ನಡುವೆ ಕುಳಿತು ಗಿರಾಕಿಗಳ ಕೆಟ್ಟ ರೇಡಿಯೋ ಬಿಚ್ಚುತ್ತಿದ್ದ ಅಳಿಯನನ್ನು ನೋಡಿ ಮಾವ, "ಇವಾ ವ್ಯಾಪಾರಕ್ಕ ಹುಟ್ಟಿಲ್ಲ" ಎಂದು ಕೈಬಿಟ್ಟ. ತೊಂಬತ್ತರ ದಶಕದಲ್ಲಿ ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ವೈಜನಾಥ ಒಂದು ಮಳಿಗೆ ಹಿಡಿದು ವಿಡಿಯೋ ಗೇಮಿನ ಅಂಗಡಿ ತೆರೆದ. ಆಳೆತ್ತರದ ಪೆಟ್ಟಿಗೆಗಳು, ನಾಣ್ಯ ಹಾಕಿದರೆ ಬೆಳಗುವ ಪರದೆಗಳು. ಶಾಲೆ ಬಿಟ್ಟ ಕೂಡಲೇ ಹುಡುಗರು ಬೆನ್ನಿನ ಚೀಲ ಮೂಲೆಗೆ ಎಸೆದು ನುಗ್ಗುತ್ತಿದ್ದರು.

ಆ ಹುಡುಗರ ನಡುವೆ ದಿನವೂ ಸಂಜೆ ಒಬ್ಬ ದೊಡ್ಡ ಮನುಷ್ಯ ಬಂದು ನಿಲ್ಲುತ್ತಿದ್ದರು. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಹೆಗಲಿಗೆ ಊಟದ ಡಬ್ಬಿಯ ಚೀಲ. ಸರಕಾರಿ ಲೆಕ್ಕಪತ್ರ ಕಚೇರಿಯ ಶ್ರೀನಿವಾಸರಾಯರು, ಕಲಬುರಗಿಯವರು. ಹುಡುಗರು ಅವರನ್ನು "ಆಫೀಸರ್ ಅಂಕಲ್" ಎನ್ನುತ್ತಿದ್ದರು. ರಾಯರು ಆಡುತ್ತಿದ್ದುದು ಒಂದೇ ಆಟ, ವಿಮಾನದ ಆಟ. ಅದರಲ್ಲಿ ಗುಂಡಿನ ಮಳೆ ತಪ್ಪಿಸಿಕೊಂಡು ಹೋದ ಮೇಲೆ ಒಂದು ಕಬ್ಬಿಣದ ಸೇತುವೆ ಬರುತ್ತಿತ್ತು. ಅದರ ಕೆಳಗಿನ ಕಿಂಡಿಯಲ್ಲಿ ವಿಮಾನ ತೂರಿಸುವುದು ಎಲ್ಲರಿಂದ ಆಗುತ್ತಿರಲಿಲ್ಲ. ರಾಯರು ಒಂದೇ ಕೈಯಲ್ಲಿ, ಮುಖದ ಒಂದು ಗೆರೆಯೂ ಅಲುಗದಂತೆ ತೂರಿಸುತ್ತಿದ್ದರು. ಹುಡುಗರು ಚಪ್ಪಾಳೆ ಹೊಡೆದರೆ, "ಸುಮ್ನಿರ್ರೋ, ಆಫೀಸಿನ ಮಂದಿಗೆ ಕೇಳಿಸ್ತದ" ಎಂದು ಗದರುತ್ತಿದ್ದರು.

ಆ ಕಾಲ ಹೋಯಿತು. ಎಲ್ಲರ ಜೇಬಿಗೂ ಮೊಬೈಲು ಬಂತು, ಅಂಗಡಿ ಮುಚ್ಚಿತು, ಪೆಟ್ಟಿಗೆಗಳು ಗುಜರಿಗೆ ಹೋದವು. ವೈಜನಾಥ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ವಿಚ್‌ಬೋರ್ಡುಗಳಿಗೆ ವೈರು ಜೋಡಿಸುತ್ತ ಉಳಿದ ವರ್ಷಗಳನ್ನು ಕಳೆದ. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ ಕೈ ಸುಮ್ಮನಿರಲಿಲ್ಲ. ಪ್ಲೈವುಡ್ಡಿನಿಂದ ಹಳೆಯ ಅಂಗಡಿಯಲ್ಲಿದ್ದಂಥದೇ, ಆದರೆ ಸೊಂಟದೆತ್ತರದ ಪೆಟ್ಟಿಗೆ ಮಾಡಿ, ಒಳಗೊಂದು ಹಳೆ ಕಂಪ್ಯೂಟರು ಕೂರಿಸಿ, ಅದಕ್ಕೆ ಎಮ್ಯುಲೇಟರ್ ಹಾಕಿದ. ಎಮ್ಯುಲೇಟರ್ ಎಂದರೆ ಇಂದಿನ ಕಂಪ್ಯೂಟರನ್ನು ಅಂದಿನ ಆಟದ ಯಂತ್ರದ ಹಾಗೆ ನಡೆಯುವಂತೆ ಮಾಡುವ ಸಾಫ್ಟ್‌ವೇರು. ಹಳೆಯ ಆಟಗಳೆಲ್ಲ ಅದರಲ್ಲಿ ಮತ್ತೆ ಜೀವ ತಳೆಯುತ್ತವೆ.

ತಳೆಯುತ್ತವೆ ನಿಜ, ಆದರೆ ಒಂದೊಂದೂ ಒಂದೊಂದು ಹಟ ಹಿಡಿಯುತ್ತದೆ. ಇಟ್ಟಿಗೆ ಒಡೆಯುವ ಆಟಕ್ಕೆ ಪರದೆ ಉದ್ದಕ್ಕೆ ನಿಲ್ಲಬೇಕು, ಕಾರಿನ ಆಟಕ್ಕೆ ಅಡ್ಡ ಮಲಗಬೇಕು. ಕುಸ್ತಿ ಆಟದಲ್ಲಿ ಹೊಡೆಯುವ ಗುಂಡಿ ಒತ್ತಿದರೆ ಪೈಲ್ವಾನ ಹಾರುತ್ತಾನೆ. ಒಂದರಲ್ಲಿ ಸದ್ದು ಒಡೆಯುತ್ತದೆ, ಇನ್ನೊಂದರಲ್ಲಿ ಆಕಾಶ ಕಾಮಾಲೆ ಹಿಡಿದಂತೆ ಹಳದಿಯಾಗುತ್ತದೆ. ವೈಜನಾಥ ಮೊದಮೊದಲು ಒಂದನ್ನು ಸರಿ ಮಾಡಲು ಹೋಗಿ ಉಳಿದೆಲ್ಲವನ್ನೂ ಕೆಡಿಸಿಕೊಂಡ. ಹಿಂದಿಯ ಯಾವುದೋ ವಿಡಿಯೋ ನೋಡಿದ ಮೇಲೆ ಗುಟ್ಟು ತಿಳಿಯಿತು. ಎಲ್ಲ ಆಟಗಳಿಗೂ ಅನ್ವಯವಾಗುವ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಮುಟ್ಟದೆ 'ಈ ಆಟಕ್ಕೆ ಮಾತ್ರ' ಎಂದು ಒಂದೊಂದಕ್ಕೂ ಬೇರೆ ಸೆಟ್ಟಿಂಗ್ ಇಡಬಹುದು. ದೊಡ್ಡ ವಿದ್ಯೆ ಸಿಕ್ಕವನಂತೆ ಇದನ್ನು ಶಿವದೇವಿಗೆ ಹೇಳಿದ.

"ಇಷ್ಟು ಕಲಿಯಾಕ ಇಷ್ಟು ದಿನಾ ಹಿಡಿತೇನ್ರಿ?" ಎಂದಳು ಅವಳು. "ನಾ ಈ ಮನಿಗೆ ಬಂದಾಗಿಂದ ಒಂದ ಬ್ಯಾಳಿ ಕುದಿಸಿ, ನಿಮ್ಮವ್ವಗ ಬ್ಯಾರೆ ಒಗ್ಗರಣಿ, ನಿಮಗ ಬ್ಯಾರೆ ಒಗ್ಗರಣಿ ಹಾಕ್ಕೋಂತ ಬಂದೀನಿ. ನನಗ್ಯಾರೂ ವಿಡಿಯೋ ತೋರ್ಸಲಿಲ್ಲ."

ಒಂದೊಂದು ಆಟವನ್ನೂ ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡು ಹೊಂದಿಸಿದ. ಅಂಗಡಿಯಲ್ಲಿ ಈ ಕಾರು ಎಷ್ಟು ಜೋರಾಗಿ ತಿರುಗುತ್ತಿತ್ತು, ಆ ನೀಲಿ ಎಷ್ಟು ದಟ್ಟವಾಗಿತ್ತು ಎಂದು. ವಿಮಾನದ ಆಟ ಒಂದನ್ನು ಮಾತ್ರ ಮುಟ್ಟಲಿಲ್ಲ. ಅದು ಮೊದಲ ದಿನವೇ ಅಂಗಡಿಯಲ್ಲಿದ್ದ ಹಾಗೆಯೇ ಓಡಿತ್ತು.

ಪೆಟ್ಟಿಗೆಯ ಸುದ್ದಿ ಕೇಳಿ ರಾಯರ ಹೆಂಡತಿ ಗೋದಾವರಿಬಾಯಿ ಒಂದು ದಿನ ಗಂಡನ ತೋಳು ಹಿಡಿದುಕೊಂಡು ಬಂದರು. ರಾಯರಿಗೆ ಆಗಲೇ ಕೈ ನಡುಗುವ ಕಾಯಿಲೆ ಬಂದಿತ್ತು. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲವೆಂದು ತಿರುಗಿಸಿ ಕಳಿಸಿದ ದಿನದಿಂದ ಅವರು ಪೆನ್ನು ಮುಟ್ಟಿರಲಿಲ್ಲ. ಮೈಮೇಲೆ ಸಾರು ಚೆಲ್ಲಿಕೊಂಡ ಮೇಲೆ ಪಂಕ್ತಿಯಲ್ಲಿ ಕುಳಿತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುವುದೇ ಕೆಲಸ.

"ವೈಜನಾಥ ಅವರ, ಆವಾಗ ಇವರನ್ನ ನಿಮ್ಮ ಅಂಗಡ್ಯಾಗಿಂದ ಎಳಕೊಂಡು ಹೋಗ್ತಿದ್ದೆ," ಎಂದರು ಗೋದಾವರಿಬಾಯಿ. "ಈಗ ನಾನೇ ತಂದು ಬಿಡ್ಲಿಕ್ಕತ್ತೀನಿ. ಏನರೆ ಹಚ್ಚಿ ಕೊಡ್ರಿ. ಇವರು ಹಿಂಗ ಮಲಗೋದು ನನಗ ನೋಡ್ಲಿಕ್ಕೆ ಆಗವಲ್ದು."

ಪೆಟ್ಟಿಗೆಯ ಜಾಯ್‌ಸ್ಟಿಕ್ ಕೋಲು ಹಿಡಿದು ಆಡುವಾಗ ನಡುಕ ಸ್ವಲ್ಪ ಇಳಿಯುತ್ತಿತ್ತು. ಆದರೆ ಕೈ ಮೊದಲಿನಷ್ಟು ಬೇಗ ಮಾತು ಕೇಳುತ್ತಿರಲಿಲ್ಲ. ಗುಂಡು ಬಿದ್ದ ಮೇಲೆ ವಿಮಾನ ಸರಿಯುತ್ತಿತ್ತು. ಸೇತುವೆ ಬಂದರೆ ಸಾಕು, ಬಡಿದು ಪುಡಿ. ದಿನವೂ ಇದೇ ಆಯಿತು. ಒಂದು ಮಧ್ಯಾಹ್ನ ರಾಯರು ಕೋಲು ಬಿಟ್ಟು, ಬಲಗೈಯನ್ನು ತೊಡೆಯ ಮೇಲಿಟ್ಟು, ಎಡಗೈಯಿಂದ ಅದನ್ನು ಅದುಮಿ ಹಿಡಿದುಕೊಂಡರು.

"ಈ ಕೈ ಈಗ ನಂದಲ್ಲೋ ವೈಜನಾಥ. ನಾಳಿಂದ ಬರಂಗಿಲ್ಲ ನಾ."

ಅವರು ಹೋದ ಮೇಲೆ ವೈಜನಾಥ ಬಹಳ ಹೊತ್ತು ಪೆಟ್ಟಿಗೆಯ ಮುಂದೆ ಕುಳಿತಿದ್ದ. ಆಮೇಲೆ ವಿಮಾನದ ಆಟವನ್ನು ತೆರೆದು, 'ಈ ಆಟಕ್ಕೆ ಮಾತ್ರ' ಎಂಬಲ್ಲಿ ಹೋಗಿ, ವೇಗವನ್ನು ತುಸುವೇ ತುಸು ಇಳಿಸಿದ.

ಮರುದಿನ ಗೋದಾವರಿಬಾಯಿ ಬಲವಂತ ಮಾಡಿ ಕಳಿಸಿದ್ದರು. ರಾಯರು ಬೇಸರದಿಂದಲೇ ಕುಳಿತರು. ಸೇತುವೆ ಬಂತು. ವಿಮಾನ ಕಿಂಡಿಯಲ್ಲಿ ತೂರಿ ಆಚೆ ಹೋಯಿತು. ರಾಯರು ಕೂಗಲಿಲ್ಲ, ನಗಲಿಲ್ಲ. ಬಹಳ ವರ್ಷಗಳ ಮೇಲೆ ಮನೆಗೆ ಬಂದ ನೆಂಟನನ್ನು ನೋಡುವ ಹಾಗೆ ತಮ್ಮ ಬಲಗೈಯನ್ನು ನೋಡಿಕೊಂಡರು.

"ಇನ್ನೂ ಅದ ಮಾರಾಯಾ. ಕೈಯಾಗ ಇನ್ನೂ ಅದ."

ಆ ವಾರ ಅವರು ತಾವೇ ಗಡ್ಡ ಮಾಡಿಕೊಂಡರು. ಮುಂದಿನ ವಾರ ನೆಂಟರ ಜೊತೆ ಕುಳಿತು ಉಂಡರು. ಆಟ ಮುಗಿಸಿ ಮನೆಗೆ ಹೋದವರು ದೇವರ ಕೋಣೆಯ ಮುಂದೆ ನಿಂತು, "ಇವತ್ತೂ ದಾಟಿದೆ" ಎಂದು ಕೈಮುಗಿಯುತ್ತಾರಂತೆ. ಇದನ್ನು ಗೋದಾವರಿಬಾಯಿಯೇ ಬಂದು ಕಣ್ಣು ತುಂಬಿಕೊಂಡು ಹೇಳಿದರು. "ಏನ್ ಆದ್ರೂ ಈ ಆಟ ಬಿಡಿಸಬ್ಯಾಡ್ರಿ."

ಕಾಯಿಲೆ ಏರುತ್ತಿತ್ತು. ತಿಂಗಳು ಕಳೆದಂತೆ ವೈಜನಾಥ ವೇಗವನ್ನು ಇನ್ನಷ್ಟು ಇಳಿಸಿದ. ಆಗ ಇನ್ನೊಂದು ತೊಡಕು ಬಂತು. ವೇಗ ಇಳಿದಂತೆ ಆಟದ ಹಾಡಿನ ದನಿಯೂ ದಪ್ಪವಾಗಿ ಎಳೆಯತೊಡಗಿತು. ಆ ಹಾಡು ರಾಯರ ಕಿವಿಯಲ್ಲಿ ಮೂವತ್ತು ವರ್ಷದಿಂದ ಇದ್ದದ್ದು. ಅದಕ್ಕೆ ಆ ಆಟದ ಸದ್ದನ್ನೇ ಅವನು ತೆಗೆದುಬಿಟ್ಟ. "ಮ್ಯಾಲಿನ ಮನಿಯವರು ಗದ್ಲ ಅಂತ ಬೈತಾರ್ರಿ ಸಾಹೇಬ್ರ" ಎಂದ. ಮೇಲಿನ ಮನೆಯವರು ಎಂದೂ ಏನೂ ಅಂದಿರಲಿಲ್ಲ. ಮರುದಿನ ಪೂಜೆಗೆ ಕುಳಿತಾಗ, ಲಿಂಗ ಹೊತ್ತ ತನ್ನ ಅಂಗೈ ಅಲುಗದೆ ನಿಂತದ್ದನ್ನು ನೋಡಿ ಅವನಿಗೆ ಯಾಕೋ ನಾಚಿಕೆಯಾಯಿತು.

ಹೀಗೆಯೇ ನಡೆದುಹೋಗುತ್ತಿತ್ತೇನೋ. ಆದರೆ ರಾಯರ ಮಗ ನಿಶಾಂತ ಕನ್ನಡ ಬಳಗದ ಕಾರ್ಯದರ್ಶಿ. ವಾರ್ಷಿಕ ಸ್ನೇಹಕೂಟದಲ್ಲಿ ಹಳೆಯ ವಿಡಿಯೋ ಗೇಮಿನ ಸ್ಪರ್ಧೆ ಇಡುವುದೆಂದು ತೀರ್ಮಾನ ಮಾಡಿ, ತಂದೆಯ ಹೆಸರನ್ನು ಬರೆಸಿಯೂಬಿಟ್ಟಿದ್ದ. ಎದುರಾಳಿ ದಿನೇಶ. ಅಂಗಡಿಯ ಕಾಲದ ಚಡ್ಡಿ ಹುಡುಗ, ಈಗ ತಲೆ ನರೆಯುತ್ತಿರುವ ಸರಕಾರಿ ನೌಕರ. ವಿಮಾನದ ಆಟ ಅವನಿಗೂ ಬಾಯಿಪಾಠ. ನಿಧಾನ ಮಾಡಿದ ಆಟ ಕೊಟ್ಟರೆ ಕುಳಿತ ಕ್ಷಣವೇ ಕಂಡುಹಿಡಿದು ಕೂಗಿಬಿಡುತ್ತಾನೆ.

ವೈಜನಾಥ ರಾಯರನ್ನು ತಡೆಯಲು ನೋಡಿದ. "ಜನದ ಮುಂದ ಯಾಕ್ರಿ ಸಾಹೇಬ್ರ, ಇಲ್ಲೇ ಆಡೋಣಲ್ಲ."

ರಾಯರು ನಕ್ಕುಬಿಟ್ಟರು. "ನಡುಗೋದು ನನ್ನ ಕೈ. ನಿನ್ನ ದನಿ ಯಾಕ ನಡುಗ್ಲಿಕ್ಕತ್ತದೋ?"

ಕೊನೆಗೆ ವೈಜನಾಥ ಒಂದು ಉಪಾಯ ಮಾಡಿದ. ಎಮ್ಯುಲೇಟರ್ ಆಟವನ್ನು ಗುರುತಿಸುವುದು ಅದರ ಹೆಸರಿನಿಂದ. ಹಾಗಾಗಿ ಅದೇ ಆಟದ ಇನ್ನೊಂದು ಪ್ರತಿ ಮಾಡಿ ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿದ. ಪಟ್ಟಿಯಲ್ಲಿ ಈಗ ಎರಡು ವಿಮಾನದ ಆಟಗಳು. ಮೇಲಿನದು ರಾಯರದು, ನಿಧಾನದ್ದು, ಸದ್ದಿಲ್ಲದ್ದು. ಕೆಳಗಿನದು ನಿಜವಾದ ವೇಗದ್ದು, ದಿನೇಶನಿಗೆ. ಹಿರಿಯರೆಂದು ರಾಯರನ್ನು ಮೊದಲು ಆಡಿಸುವುದು. ಪೆಟ್ಟಿಗೆಯ ಪರದೆ ಸಣ್ಣದು, ದೂರ ಕುಳಿತ ದಿನೇಶನಿಗೆ ಅದರ ವೇಗ ತಿಳಿಯದು. ಅವರ ಸರದಿ ಮುಗಿದ ಕೂಡಲೇ ಶಿವದೇವಿ ರಾಯರನ್ನೂ ಗೋದಾವರಿಬಾಯಿಯನ್ನೂ ಊಟದ ಕೋಣೆಗೆ ಕರೆದುಕೊಂಡು ಹೋಗುವುದು. ದಿನೇಶನ ಆಟ ಅವರ ಕಣ್ಣಿಗೆ ಬೀಳಬಾರದು.

"ನಿಮ್ಮ ಸುಳ್ಳಿನಾಗ ನನ್ನೂ ಕೂಡಿಸ್ಕೊಂಡ್ರಿ," ಎಂದಳು ಶಿವದೇವಿ. "ಮತ್ತ ದಿನೇಶಗ ಮೋಸ ಅಲ್ಲೇನ್ರಿ ಇದು?"

"ದಿನೇಶಗ ಆಮ್ಯಾಲೆ ನಾನ ಹೇಳ್ತೀನಿ. ಅವಾ ತಿಳ್ಕೊಳ್ತಾನ."

"ದಿನೇಶ ತಿಳ್ಕೊಳ್ಳಾಂವ ಆದ್ರ, ರಾಯರು ತಿಳ್ಕೊಳ್ಳಂಗಿಲ್ಲೇನು? ಒಂದು ಮಾತು ಅವರಿಗೆ ಹೇಳಿಬಿಡ್ರಿ."

"ಹೇಳಿದ್ರ ಮತ್ತ ಗ್ವಾಡಿ ಕಡೆ ಹೊಳ್ಳತಾರ. ಆ ಪಾಪ ಯಾರು ಹೊರಬೇಕು?"

ಶಿವದೇವಿ ದೇವರ ಮುಂದೆ ದೀಪ ಹಚ್ಚಿ ಒಂದು ಗಳಿಗೆ ಹೆಚ್ಚೇ ನಿಂತಳು.

ಬೆಡ್‌ಶೀಟು ಹೊದಿಸಿದ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿ ಕಂಡ ಆಟೋದವನು, "ಕ್ಯಾ ಹೈ ಭಾಯಿ ಇಸ್ಮೆ, ಭಗವಾನ್?" ಎಂದು ಕೇಳಿದ. ವೈಜನಾಥ, "ಆಹಿಸ್ತಾ ಚಲೋ" ಎಂದು ನಿಧಾನ ಹೋಗಲಷ್ಟೇ ಹೇಳಿ ದಾರಿಯುದ್ದಕ್ಕೂ ಅದನ್ನು ಅಪ್ಪಿ ಹಿಡಿದಿದ್ದ.

ಸಭಾಂಗಣದಲ್ಲಿ ನಿಶಾಂತ ಅವನ ಉಪಾಯ ಕೆಡಿಸುವ ಎರಡು ಕೆಲಸ ಮಾಡಿಟ್ಟಿದ್ದ. ಎಲ್ಲರಿಗೂ ಕಾಣಲೆಂದು ವೇದಿಕೆಯ ಗೋಡೆಗೆ ದೊಡ್ಡ ಬಿಳಿ ಪರದೆ. ಎರಡೂ ಬದಿಗೆ ಆಳೆತ್ತರದ ಸ್ಪೀಕರು.

"ಕಾಕಾ, ಸೌಂಡ್ ಜೋರ್ ಇಡ್ರಿ. ಅಪ್ಪಗ ಆ ಹಾಡು ಭಾಳ ಸೇರ್ತದ."

"ವೈರಿಂದು ಸ್ವಲ್ಪ ತಕರಾರ್ ಐತಿ, ಬರ್ತಿರ್ತೈತಿ, ಹೋಗ್ತಿರ್ತೈತಿ" ಎಂದ ವೈಜನಾಥ. ಇನ್ನೊಂದು ಸುಳ್ಳು.

ರಾಯರು ಮೊದಲ ಸಾಲಿನಲ್ಲಿ ಕುಳಿತಿದ್ದರು. ಅಂಗಡಿಯ ಕಾಲದ ಹಾಗೆಯೇ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ. ಪಕ್ಕದಲ್ಲಿ ಗೋದಾವರಿಬಾಯಿ ರೇಷ್ಮೆ ಸೀರೆಯುಟ್ಟು, ಮಗನ ಮದುವೆಗೆ ಬಂದವರಂತೆ ಕುಳಿತಿದ್ದರು.

"ಮೊದಲು ನಮ್ಮ ಹಿರಿಯರು" ಎಂದು ನಿಶಾಂತ ಮೈಕಿನಲ್ಲಿ ಹೇಳಿದ. ವೈಜನಾಥ ಪಟ್ಟಿಯ ಮೇಲಿನ ಸಾಲಿನ ಮೇಲೆ ಕರ್ಸರಿನ ಗುರುತು ತಂದು ನಿಲ್ಲಿಸಿದ. ರಾಯರು ಎದ್ದರು. ಎದ್ದವರು ದಿನೇಶನ ಕಡೆ ನೋಡಿ ಮತ್ತೆ ಕುಳಿತುಬಿಟ್ಟರು.

"ದಿನೇಶ ಮೊದಲ ಆಡ್ಲಿ."

"ಇಲ್ರಿ ಸಾಹೇಬ್ರ, ನೀವ ಶುರು ಮಾಡ್ರಿ" ಎಂದ ವೈಜನಾಥ. ದನಿ ಬೇಡವೆಂದರೂ ಏರಿತು.

"ನಿನ್ನ ಅಂಗಡ್ಯಾಗ ಎಂದಾದ್ರೂ ನಾ ಹುಡುಗರಕಿಂತ ಮೊದಲ ಆಡೀನೇನೋ?"

ಆಡಿರಲಿಲ್ಲ. ಅದನ್ನು ಹೇಗೆ ಮರೆತನೋ ವೈಜನಾಥ! ಎಷ್ಟು ಹೊತ್ತಾದರೂ ಸರಿ, ರಾಯರು ಗೋಡೆಗೆ ಒರಗಿ ನಿಂತು, "ನೀವು ಆಡ್ರೋ ಮೊದಲ, ಹೊತ್ತು ಮುಳುಗೋದ್ರಾಗ ಮನಿ ಸೇರ್ರಿ. ನಿಮ್ಮವ್ವ ದಾರಿ ನೋಡ್ತಿರ್ತಾಳ" ಎಂದು ಹುಡುಗರಿಗೆ ಸರದಿ ಬಿಟ್ಟುಕೊಡುತ್ತಿದ್ದರು. ಕಡೆಯ ಹುಡುಗ ಹೋದ ಮೇಲೆಯೇ ಅವರ ನಾಣ್ಯ ಜೇಬಿನಿಂದ ಹೊರಬರುತ್ತಿದ್ದುದು. ಎಲ್ಲವನ್ನೂ ಯೋಚಿಸಿದ್ದವನು ಇದೊಂದನ್ನು ಯೋಚಿಸಿರಲಿಲ್ಲ.

"ಅಂಕಲ್, ನನಗ ಈಗ ಎರಡು ಮಕ್ಕಳವ್ರಿ" ಎಂದು ದಿನೇಶ ನಕ್ಕ.

"ಇರ್ಲಿ. ನನ್ನ ಲೆಕ್ಕದಾಗ ನೀ ಇನ್ನೂ ಚಡ್ಡಿ ಹುಡುಗನ. ನಡಿ, ಕೂಡು."

ಸಭೆ ನಕ್ಕಿತು. ದಿನೇಶ ಬಂದು ಪೆಟ್ಟಿಗೆಯ ಮುಂದೆ ಕುಳಿತ. ವೈಜನಾಥನ ಬೆರಳು ಗುಂಡಿಯ ಮೇಲೆ ನಿಂತೇ ಇತ್ತು. ಮೇಲಿನದು ಹಾಕಿದರೆ ದಿನೇಶ ಈಗಲೇ ಕೂಗುತ್ತಾನೆ, ಜನರೆಲ್ಲರೆದುರು. ಕೆಳಗಿನದು ಹಾಕಿದರೆ ರಾಯರು ನೋಡುತ್ತಾರೆ. ಶಿವದೇವಿ ಗೋದಾವರಿಬಾಯಿಯ ಹತ್ತಿರ ಬಗ್ಗಿ, "ನಡೀರಿ, ಅಷ್ಟೊತ್ತಿಗೆ ಒಂದೀಟು ಚಹಾ ಕುಡದು ಬರೋಣು, ರಾಯರನ್ನೂ ಕರೀರಿ" ಎನ್ನುವುದು ಕಂಡಿತು. ರಾಯರು ಕೈಯಾಡಿಸಿ ಬೇಡವೆಂದರು.

"ಅಣ್ಣಾ, ಹಚ್ರಿ" ಎಂದ ದಿನೇಶ.

ವೈಜನಾಥ ಕೆಳಗಿನದನ್ನು ಒತ್ತಿದ.

ಸ್ಪೀಕರುಗಳಿಂದ ಹಾಡು ಹಾರಿ ಬಂತು. ತೆಳ್ಳಗೆ, ಚುರುಕಾಗಿ, ಕುಣಿಯುತ್ತ. ಮೆಹದಿಪಟ್ಟಣಂನ ಗಲ್ಲಿಯಲ್ಲಿ ಸಂಜೆ ಹೊತ್ತು ಕೇಳಿಸುತ್ತಿದ್ದ ಹಾಗೆಯೇ. ರಾಯರ ಮುಖ ಅರಳಿತು. ಬಲಗೈಯ ಬೆರಳುಗಳು ಮೊಣಕಾಲಿನ ಮೇಲೆ ತಾವಾಗಿಯೇ ಆಡತೊಡಗಿದವು. ಇದೂ ಅವರ ಹಳೆಯ ರೂಢಿ. ಬೇರೆಯವರು ಆಡುವಾಗ ಅವರ ಬೆರಳು ಮೊಣಕಾಲಿನ ಮೇಲೆ ವಿಮಾನ ನಡೆಸುತ್ತಿದ್ದವು. ವೈಜನಾಥ ಪರದೆ ನೋಡಲಿಲ್ಲ, ಆ ಬೆರಳುಗಳನ್ನು ನೋಡಿದ. ಪರದೆಯ ಮೇಲೆ ಗುಂಡು ಬಂತು, ದಿನೇಶನ ವಿಮಾನ ಎಡಕ್ಕೆ ಜಾರಿತು. ರಾಯರ ಬೆರಳು ಆಮೇಲೆ ಎಡಕ್ಕೆ ಜಾರಿತು. ಮತ್ತೆ ಗುಂಡು. ಮತ್ತೆ ಬೆರಳು ಹಿಂದುಳಿಯಿತು.

ಬೆರಳು ನಿಂತಿತು.

ರಾಯರು ಮೊದಲು ಪರದೆ ನೋಡಿದರು. ಆಮೇಲೆ ಸ್ಪೀಕರಿನ ಕಡೆ ನೋಡಿದರು, ಹಾಡನ್ನು ಕಣ್ಣಿನಿಂದ ಹುಡುಕುವವರ ಹಾಗೆ. ಆಮೇಲೆ ತಮ್ಮ ಕೈ ನೋಡಿಕೊಂಡರು. ದಿನೇಶನ ವಿಮಾನ ಸೇತುವೆಯ ಕಿಂಡಿಯಲ್ಲಿ ಸರ್ರನೆ ತೂರಿತು, ಸಭೆ ಚಪ್ಪಾಳೆ ಹೊಡೆಯಿತು. ಆ ಚಪ್ಪಾಳೆಯ ನಡುವೆ ರಾಯರು ತಲೆಯೆತ್ತಿ ನೇರವಾಗಿ ವೈಜನಾಥನನ್ನು ನೋಡಿದರು. ವೈಜನಾಥ ಕಣ್ಣು ತಗ್ಗಿಸಿದ. ತಗ್ಗಿಸಿದ್ದೇ ಉತ್ತರವಾಯಿತು.

ದಿನೇಶ ಒಳ್ಳೆಯ ಸ್ಕೋರ್ ಮಾಡಿ ಎದ್ದ. ರಾಯರು ನಿಧಾನವಾಗಿ ನಡೆದು ಬಂದು ಕುಳಿತರು. ಆಟಗಳ ಪಟ್ಟಿ ದೊಡ್ಡ ಪರದೆಯ ಮೇಲೆ ತೆರೆದಿತ್ತು. ಒಂದರ ಕೆಳಗೊಂದು ಎರಡು ವಿಮಾನದ ಆಟಗಳು, ಗುರುತು ಮೇಲಿನದರ ಮೇಲೆ.

"ಎರಡ್ಯಾಕ ಅವ ಇಲ್ಲೆ?" ಎಂದರು ರಾಯರು, ಅವನಿಗಷ್ಟೇ ಕೇಳುವಂತೆ.

"ಸಾಹೇಬ್ರ…"

"ದಿನೇಶ ಆಡಿದ್ದು ಯಾವುದು?"

"ಕೆಳಗಿಂದು."

"ಅದನ್ನೇ ಹಚ್ಚು."

"ಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ."

"ಹಚ್ಚು ವೈಜನಾಥ."

ಅವನು ಹಚ್ಚಿದ. ಹಾಡು ಕುಣಿಯಿತು. ರಾಯರ ಮೊದಲ ವಿಮಾನ ಗುಂಡಿನ ಮೊದಲ ಸಾಲಿಗೇ ಉರಿದು ಬಿತ್ತು. ಎರಡನೆಯದು ಸ್ವಲ್ಪ ಮುಂದೆ ಹೋಗಿ ಬಿತ್ತು. ಮೂರನೆಯದು ಬೀಳುವಾಗ ಸೇತುವೆ ಇನ್ನೂ ಕಂಡಿರಲಿಲ್ಲ. ಆಮೇಲೆ ಯಾರೋ ಕನಿಕರಪಟ್ಟು ಚಪ್ಪಾಳೆ ಶುರು ಮಾಡಿದರು, ಎಲ್ಲರೂ ಸೇರಿದರು. ದಿನೇಶನಿಗೆ ಬಿದ್ದದ್ದಕ್ಕಿಂತ ಜೋರು ಚಪ್ಪಾಳೆ. ಗೋದಾವರಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನಿಶಾಂತ ಓಡಿ ಬಂದ. "ಅಪ್ಪಾ, ಏನಾತು? ಕಾಕಾ, ಪೆಟಗಿ ಏನರೆ ಕೆಟ್ಟದೇನು ನೋಡ್ರಿ. ಅಪ್ಪ ದಿನಾ ಆ ಬ್ರಿಜ್ ದಾಟ್ತಾರ."

ವೈಜನಾಥ ಹೇಳಿಬಿಡಲು ಬಾಯಿ ತೆರೆದ. ರಾಯರ ನಡುಗುವ ಕೈ ಬಂದು ಅವನ ಮಣಿಕಟ್ಟು ಹಿಡಿಯಿತು.

"ಪೆಟಗಿಗೆ ಏನೂ ಆಗಿಲ್ಲ," ಎಂದರು ರಾಯರು ಮಗನಿಗೆ. "ಪೆಟಗಿ ಇವತ್ತ ಸರಿ ಅದ."

ಊಟಕ್ಕೂ ನಿಲ್ಲದೆ ಅವರು ಹೆಂಡತಿಯೊಡನೆ ಹೊರಟುಹೋದರು.

ಮರುದಿನ ಅವರು ದಿನದ ಹಾಗೆ ಊಟವಾದ ಮೇಲೆ ಆಡಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ವೈಜನಾಥ ತಾಳಲಾರದೆ ಅವರ ಮನೆಗೆ ಹೋದ. ಬಾಗಿಲು ತೆರೆದ ಗೋದಾವರಿಬಾಯಿ, "ಮಲಗ್ಯಾರ" ಎಂದರು. ಒಳಗೆ ಕರೆಯಲಿಲ್ಲ. "ಏನೂ ಮಾತಾಡವಲ್ರು. ಏನಾತ್ರಿ ಅವತ್ತು?"

ಹೊಸ್ತಿಲಾಚೆ ನಿಂತೇ ಅವನು ಎಲ್ಲವನ್ನೂ ಹೇಳಿದ. ವೇಗ ಇಳಿಸಿದ್ದು, ಸದ್ದು ತೆಗೆದದ್ದು, ಮೇಲಿನ ಮನೆಯವರ ಹೆಸರಿನಲ್ಲಿ ಆಡಿದ ಸುಳ್ಳು, ಎರಡು ಪ್ರತಿ. ಗೋದಾವರಿಬಾಯಿ ಬಾಗಿಲಿಗೆ ಒರಗಿ ನಿಂತು ಕೇಳಿದರು.

"ನನ್ನ ಕೇಳಿದ್ರ ನಾನೂ ಮಾಡ್ರಿ ಅಂತಿದ್ದೆ," ಎಂದರು ಕೊನೆಗೆ. "ಅದಕ್ಕ ನಿಮಗ ಬೈಲಿಕ್ಕೆ ನನಗ ಬಾಯಿಲ್ಲ."

ಒಳಕೋಣೆಯ ಪರದೆ ಅಲುಗಿದಂತಾಯಿತು. ಯಾರೂ ಹೊರಗೆ ಬರಲಿಲ್ಲ.

ಮನೆಗೆ ಬಂದವನೇ ವೈಜನಾಥ ಪೆಟ್ಟಿಗೆ ತೆರೆದು ಎರಡನೆಯ ಪ್ರತಿ ಅಳಿಸಿದ. ವಿಮಾನದ ಆಟಕ್ಕೆ ತಾನು ಇಟ್ಟಿದ್ದ ಬೇರೆ ಸೆಟ್ಟಿಂಗನ್ನೂ ತೆಗೆದುಹಾಕಿದ. ಬೆಡ್‌ಶೀಟು ಹೊದಿಸಿದ. ಆಮೇಲಿನ ದಿನಗಳಲ್ಲಿ ಬಾಗಿಲ ಹತ್ತಿರ ಚಪ್ಪಲಿಯ ಸದ್ದಾದಾಗಲೆಲ್ಲ ಅವನು ಕತ್ತೆತ್ತುತ್ತಿದ್ದ. ಪೂಜೆಗೆ ಕುಳಿತರೆ ಬೇಡಿಕೊಳ್ಳಲು ಮಾತು ಸಿಗುತ್ತಿರಲಿಲ್ಲ. ಅಂಗೈಯನ್ನೇ ನೋಡುತ್ತ ಕುಳಿತುಬಿಡುತ್ತಿದ್ದ.

ಒಂದು ಮಧ್ಯಾಹ್ನ, ಶಿವದೇವಿ ಅಕ್ಕಿ ಆರಿಸುತ್ತ ಕುಳಿತಿದ್ದಾಗ, ರಾಯರು ಒಬ್ಬರೇ ಬಂದರು. ಗಡ್ಡ ಬೆಳೆದಿತ್ತು. ಅಂಗಿಗೆ ಇಸ್ತ್ರಿ ಇರಲಿಲ್ಲ. ನೇರವಾಗಿ ಹೋಗಿ ಪೆಟ್ಟಿಗೆಯ ಮುಂದಿನ ಸ್ಟೂಲಿನ ಮೇಲೆ ಕುಳಿತು, ಬೆಡ್‌ಶೀಟನ್ನು ತಾವೇ ಎಳೆದು ಹಾಕಿದರು.

"ಎಷ್ಟು ಇಳಿಸಿದ್ದಿ? ತೋರ್ಸು."

"ಎಲ್ಲಾ ತಗದು ಹಾಕೀನ್ರಿ ಸಾಹೇಬ್ರ. ಇನ್ನ ಎಂದೂ…"

"ತಗದು ಹಾಕು ಅಂತ ಯಾರಂದ್ರು ನಿನಗ?" ರಾಯರ ದನಿ ಸಣ್ಣ ಕೋಣೆ ತುಂಬಿತು. "ಇಳಿಸಿದ್ದಕ್ಕ ನನಗ ಸಿಟ್ಟಿಲ್ಲ. ಕಣ್ಣಿನ ಡಾಕ್ಟರು ಚಷ್ಮಾದ ನಂಬರ್ ಹೆಂಗ ಹಾಕ್ತಾನ? ಇದು ಕಾಣ್ತದೋ, ಅದು ಕಾಣ್ತದೋ ಅಂತ ನನ್ನ ಕೇಳಿ ಹಾಕ್ತಾನ. ನೀ ನನ್ನ ಕೇಳದ ಹಾಕಿದಿ. ನಾ ದಿನಾ ದೇವರ ಮುಂದ ನಿಂತು ದಾಟಿದೆ ದಾಟಿದೆ ಅಂದೆ. ದೇವರಿಗೆ ಸುಳ್ಳು ಹೇಳಿಸಿದೆಲ್ಲೋ ನನ್ನ ಬಾಯಿಂದ!"

ವೈಜನಾಥ ನಿಂತಲ್ಲೇ ನಿಂತ. ಶಿವದೇವಿಯ ಮೊರದಲ್ಲಿ ಅಕ್ಕಿ ಅಲುಗುವುದು ನಿಂತಿತ್ತು.

"ತಪ್ಪಾತ್ರಿ" ಎಂದ ವೈಜನಾಥ.

"ಆತು ಹೌದು. ಈಗ ಅದು ಎಲ್ಲಿ ಇರ್ತದ ತೋರ್ಸು. ನಾನೇ ಹಾಕ್ತೀನಿ."

ವೈಜನಾಥ ತೋರಿಸಿದ. ಈ ಗುಂಡಿ ಒತ್ತಿದರೆ ಸೆಟ್ಟಿಂಗ್, ಇಲ್ಲಿ 'ಎಲ್ಲ ಆಟಗಳಿಗೆ', ಇಲ್ಲಿ 'ಈ ಆಟಕ್ಕೆ ಮಾತ್ರ'. ರಾಯರು ಕೋಲು ಹಿಡಿದರು. ಬೆರಳು ನಡುಗಿ ಗುರುತು ಬೇಕಾದ ಸಾಲು ದಾಟಿ ಕೆಳಗೆ ಹೋಯಿತು. ಮತ್ತೆ ಮೇಲಕ್ಕೆ ತಂದರು, ಮತ್ತೆ ದಾಟಿತು. ವೈಜನಾಥನ ಕೈ ತಾನಾಗಿ ಮುಂದೆ ಬಂತು. ಬಾಗಿಲಲ್ಲಿ ಕುಳಿತ ಶಿವದೇವಿ ಅವನನ್ನು ನೋಡಿ ತಲೆಯಲ್ಲಾಡಿಸಿದಳು. ಅವನು ಕೈ ಹಿಂದೆ ಕಟ್ಟಿಕೊಂಡ.

ಎಷ್ಟೋ ಸಲ ತಪ್ಪಿದ ಮೇಲೆ ಗುರುತು ವೇಗದ ಸಾಲಿನ ಮೇಲೆ ನಿಂತಿತು. ರಾಯರು ಇಳಿಸಿದರು. ವೈಜನಾಥ ಇಟ್ಟಿದ್ದ ಅಂಕಿ ಬಂತು, ಅವರು ನಿಲ್ಲಲಿಲ್ಲ. ಅದಕ್ಕೂ ಕೆಳಗೆ ಇಳಿಸಿದರು.

"ಇನ್ನೂ ಕಡಿಮಿನ್ರಿ?"

"ನೀ ಸಿಕ್ಕಿಬೀಳ್ತೀನಿ ಅಂತ ಅಂಜಿ ಅಂಜಿ ಇಳಿಸಿದ್ದಿ. ನನಗ್ಯಾರ ಅಂಜಿಕಿ?" ಎಂದು ಉಳಿಸುವ ಗುಂಡಿ ಒತ್ತಿದರು. "ದನಿ ಹಚ್ಚು. ಮ್ಯಾಲಿನ ಮನಿಯವರು ಬೈದ್ರ ಬೈಲಿ."

"ಅವರು ಎಂದೂ ಬೈದಿಲ್ರಿ."

"ಗೊತ್ತದ. ಹೊಸ್ತಿಲದಾಗ ನಿಂತು ಹೇಳಿದೆಲ್ಲ, ನನಗೇನು ಕಿವಿ ಇಲ್ಲೇನು?"

ಹಾಡು ಶುರುವಾಯಿತು. ದಪ್ಪಗೆ, ಎಳೆದೆಳೆದು, ಒಂದೊಂದು ಸ್ವರವೂ ಮೈಮುರಿದು ಏಳುತ್ತಿರುವಂತೆ. ಶಿವದೇವಿ ತಡೆದುಕೊಳ್ಳಲಾರದೆ, "ಎಮ್ಮಿ ಹಾಡಾಕತ್ತಂಗ ಐತಿ ನೋಡ್ರಿ" ಎಂದುಬಿಟ್ಟಳು. ರಾಯರ ಗಡ್ಡದೊಳಗೆ ತುಟಿ ಸ್ವಲ್ಪ ಅಲುಗಿತು.

ವಿಮಾನ ಮೆಲ್ಲಗೆ ಏರಿತು. ಗುಂಡು ಬಂದವು, ರಾಯರು ತಪ್ಪಿಸಿದರು. ಮತ್ತೆ ಬಂದವು, ತಪ್ಪಿಸಿದರು. ದೂರದಲ್ಲಿ ಕಬ್ಬಿಣದ ಸೇತುವೆ ಕಾಣಿಸಿತು. ವಿಮಾನ ಕಿಂಡಿಯ ಹತ್ತಿರ ಬಂತು, ಓಲಿತು, ರೆಕ್ಕೆಯ ತುದಿ ಕಂಬಕ್ಕೆ ತಗುಲಿ ಪುಡಿಪುಡಿಯಾಯಿತು.

ರಾಯರು ಕೋಲು ಬಿಡಲಿಲ್ಲ.

"ಇದು ನಾನೇ ಕೆಡವಿದ್ದು," ಎಂದರು. "ಮತ್ತ ಹಚ್ಚು."